ವಿಮಾನ ಬೇಗ ತುಂಬಿದರೆ ನನಗೆ ಯಾಕೆ ಅನುಮಾನ

ಯಾವ ವಿಮಾನದಲ್ಲಿ, ಯಾವ ದರಕ್ಕೆ, ಎಷ್ಟು ಸೀಟು ಮಾರಬೇಕು? ಇದನ್ನು ತೀರ್ಮಾನಿಸುವುದೇ ನನ್ನ ಕೆಲಸ. ವಿಮಾನ ಕಂಪನಿಗಳಲ್ಲಿ ಇದಕ್ಕೆ ರೆವೆನ್ಯೂ ಮ್ಯಾನೇಜ್‌ಮೆಂಟ್ ಅಂತಾರೆ. ಹೊಸದಾಗಿ ಸೇರಿದವರು ಮೊದಲು ನೋಡುವುದು ಲೋಡ್ ಫ್ಯಾಕ್ಟರ್, ಅಂದರೆ ನೂರಕ್ಕೆ ಎಷ್ಟು ಸೀಟು ತುಂಬಿದೆ ಅಂತ. ಹೊರಡಲು ಇನ್ನೂ ಮೂರು ವಾರ ಇರುವಾಗಲೇ ಭರ್ತಿಯಾದರೆ ಅವರಿಗೆ ಖುಷಿ. ನನಗೆ ಅನುಮಾನ: ತೀರಾ ಅಗ್ಗಕ್ಕೆ ಮಾರಿಬಿಟ್ಟೆವಾ?

ಅಗ್ಗದ ಟಿಕೆಟ್ ಬೇಕಾದವರು ಮೊದಲೇ ಬರುತ್ತಾರೆ. ಜಾಸ್ತಿ ಕೊಡಲು ತಯಾರಿರುವವರು ಕೊನೇ ವಾರದಲ್ಲಿ ಬರುತ್ತಾರೆ. ಅವರಿಗಾಗಿ ಎಷ್ಟು ಸೀಟು ಎತ್ತಿಡಬೇಕು? 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಅಗ್ಗದ ದರ 100, ದುಬಾರಿ ದರ 250 ಅಂದುಕೊಳ್ಳಿ. ನೂರನ್ನು 250ರಿಂದ ಭಾಗಿಸಿದರೆ ಶೇ. 40. ಆ ಸೀಟು ಮುಂದೆ ದುಬಾರಿ ದರಕ್ಕೆ ಹೋಗುವ ಸಾಧ್ಯತೆ ಶೇ. 40ಕ್ಕಿಂತ ಹೆಚ್ಚಿದ್ದರೆ ಈಗ ಮಾರಬಾರದು. ಅಂದರೆ ಸಾಧ್ಯತೆ ಶೇ. 45 ಇದ್ದಾಗ, ಸೀಟು ಖಾಲಿ ಹೋಗುವ ಸಂಭವವೇ ಜಾಸ್ತಿ. ಆದರೂ ಕಾಯುವುದೇ ಲಾಭ, ಯಾಕೆಂದರೆ 250ರ ಶೇ. 45 ಅಂದರೆ ಸರಾಸರಿ 112.5, ಈಗ ಸಿಗುವ 100ಕ್ಕಿಂತ ಹೆಚ್ಚು! ಇದನ್ನು ಮೇಲಿನವರಿಗೆ ಒಪ್ಪಿಸುವುದೇ ಕಷ್ಟ. ಖಾಲಿ ಸೀಟು ಕಣ್ಣಿಗೆ ಕಾಣುತ್ತದೆ, ಕೈತಪ್ಪಿದ ದುಬಾರಿ ಟಿಕೆಟ್ ಕಾಣುವುದಿಲ್ಲ ಅಲ್ವಾ?

1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇದೇ ದಾರಿಯಲ್ಲಿ ಅಗ್ಗದ ದರದ ವಿಮಾನ ಕಂಪನಿ ಪೀಪಲ್ ಎಕ್ಸ್‌ಪ್ರೆಸ್ ವಿರುದ್ಧ ದರ ಇಳಿಸಿತು. ಆದರೆ ಎಲ್ಲ ಸೀಟಿಗೂ ಅಲ್ಲ, ಮುಂಗಡವಾಗಿ ಕೊಳ್ಳುವವರಿಗೆ ಮಾತ್ರ, ಅದೂ ಲೆಕ್ಕದ ಸೀಟು.

ಕನೆಕ್ಷನ್ ಪ್ರಯಾಣಿಕರು ಬಂದಾಗ ಲೆಕ್ಕ ಜಟಿಲವಾಗುತ್ತದೆ. ಮೊದಲ ವಿಮಾನದಲ್ಲಿ ಒಂದೇ ಸೀಟು ಉಳಿದಿದೆ. ಅಲ್ಲಿಗಷ್ಟೇ ಹೋಗುವವರು 100 ಕೊಡುತ್ತಾರೆ. ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುವವರು ಒಟ್ಟು 300 ಕೊಡುತ್ತಾರೆ. 300ಕ್ಕೇ ಮಾರಬೇಕು ಅನಿಸುತ್ತದೆ. ಎರಡನೇ ವಿಮಾನ ಖಾಲಿ ಇದ್ದರೆ ಅದು ಸರಿ. ಅದರ ಸೀಟು ಬೇರೆಯವರಿಗೆ ಹೇಗೂ 250ಕ್ಕೆ ಹೋಗುವಂತಿದ್ದರೆ? ಆಗ ಮೊದಲ ವಿಮಾನಕ್ಕೆ ಉಳಿಯುವುದು ಬರೀ 50. ಹತ್ತಿರದ ಪ್ರಯಾಣಿಕರೇ ವಾಸಿ. ಹಾಗಾಗಿ ಒಂದೊಂದೇ ಮಾರ್ಗದ ಆದಾಯ ನೋಡಿ, ಇದು ನಷ್ಟದ ಮಾರ್ಗ, ಮುಚ್ಚಿ ಅಂತ ಯಾರಾದರೂ ಹೇಳಿದರೆ ನಾನು ಸುಲಭಕ್ಕೆ ನಂಬುವುದಿಲ್ಲ. ಅದು ಬೇರೆ ವಿಮಾನಗಳಿಗೆ ಎಷ್ಟು ಜನರನ್ನು ತಂದುಕೊಡುತ್ತಿದೆ ಅಂತ ಮೊದಲು ಕೇಳುತ್ತೇನೆ.

ಕೆಲವೊಮ್ಮೆ ದರ ಬಿಟ್ಟು ವಿಮಾನವನ್ನೇ ಬದಲಿಸುತ್ತೇವೆ. ಏರ್‌ಬಸ್ ಎ320 ಹಾರಿಸುವ ಪೈಲಟ್‌ಗಳೇ ಅದಕ್ಕಿಂತ ದೊಡ್ಡದಾದ ಎ321 ಕೂಡ ಹಾರಿಸಬಹುದು. ಬೇಡಿಕೆ ಏರಿದ ಮಾರ್ಗಕ್ಕೆ ದೊಡ್ಡದನ್ನು ಹಾಕಿದರೆ 180 ಸೀಟು ಇದ್ದದ್ದು 230ರ ಆಸುಪಾಸಿಗೆ ಹೋಗುತ್ತದೆ. ಆದರೆ ಕ್ಯಾಬಿನ್ ಸಿಬ್ಬಂದಿ 50 ಸೀಟಿಗೆ ಒಬ್ಬರಂತೆ ಇರಲೇಬೇಕು. ನಾಲ್ವರು ಸಾಲುವುದಿಲ್ಲ, ಐವರು ಬೇಕು. ಆ ಐದನೆಯವರು ರೋಸ್ಟರ್‌ನಲ್ಲಿ, ಅಂದರೆ ಸಿಬ್ಬಂದಿಯ ಪಾಳಿ ಪಟ್ಟಿಯಲ್ಲಿ, ಸಿಗದಿದ್ದರೆ ಚಿಕ್ಕ ವಿಮಾನವೇ ಹೋಗುತ್ತದೆ, ನಾವು ಮತ್ತೆ ದರದ ಪರದೆಯ ಮುಂದೆ ಕೂರುತ್ತೇವೆ.