ಕಿಟಕಿ ಬಾಗಿಲ ಮೇಲಿನ ಮರಡೋನಾ

ಹಾಸ್ಟೆಲ್ ರೂಮಿನ ಗೋಡೆಗೆ ನಾನು ಅಂಟಿಸಿಕೊಂಡಿದ್ದು ಒಂದೇ ಒಂದು ಫೋಟೊ. ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಮರಡೋನಾ ನಮಗೆ ಬೆನ್ನು ಹಾಕಿ ನಿಂತಿದ್ದಾನೆ, ಕಾಲ ಬಳಿ ಚೆಂಡು. ಎದುರಿಗೆ ಬೆಲ್ಜಿಯಂನ ಆರು ಆಟಗಾರರು, ಎಲ್ಲರ ಕಣ್ಣೂ ಇವನ ಮೇಲೆ. ಒಬ್ಬನಿಗೆ ಆರು ಜನ ಹೆದರಿದ್ದಾರೆ ಅಂತ ಎಷ್ಟೋ ವರ್ಷ ನಂಬಿದ್ದೆ.

ಹಾಗಾಗಿ ಆತ ಆಡಿದ ಊರು, ಇಟಲಿಯ ನೇಪಲ್ಸ್‌ಗೆ ಹೋದಾಗ ವೆಸೂವಿಯಸ್ ಜ್ವಾಲಾಮುಖಿ ನಾಳೆಗಿರಲಿ, ಮೊದಲು ಅವನ ಗೋಡೆಚಿತ್ರ ಅಂದೆ. ಹೆಂಡತಿ ಮುಖ ಊದಿಸಿಕೊಂಡೇ ಜೊತೆಗೆ ಬಂದಳು. ಟೊಲೆಡೊ ಮೆಟ್ರೊದಲ್ಲಿ ಇಳಿದು ಏರು ಹತ್ತಿದರೆ ಕ್ವಾರ್ಟಿಯೇರಿ ಸ್ಪಾನ್ಯೋಲಿ. ಸ್ಪೇನಿನವರು ಆಳುತ್ತಿದ್ದಾಗ ಸೈನಿಕರಿಗೆಂದು ಕಟ್ಟಿದ ಕೇರಿ. ಗಲ್ಲಿಗಳು ತುಂಬಾ ಇಕ್ಕಟ್ಟು. ಮೇಲೆ ಒಣಹಾಕಿದ ಬಟ್ಟೆಯ ನೀರು ನಮ್ಮ ತಲೆಗೆ, ಹಿಂದಿನಿಂದ ಬರುವ ಸ್ಕೂಟರು ನಮ್ಮ ಮೊಣಕೈಗೆ.

ಗಲ್ಲಿ ಮುಗಿದು ಒಂದು ಚಿಕ್ಕ ಬಯಲು. ತಲೆ ಎತ್ತಿದರೆ ತಿಳಿನೀಲಿ ಜೆರ್ಸಿಯಲ್ಲಿ ಮರಡೋನಾ, ಮಹಡಿಗಳ ಎತ್ತರಕ್ಕೆ.

1990ರಲ್ಲಿ ಮರಡೋನಾ ಆಡುತ್ತಿದ್ದ ಈ ಊರಿನ ತಂಡ ನಪೋಲಿ ಎರಡನೇ ಸಲ ಲೀಗ್ ಗೆದ್ದಾಗ ಇದನ್ನು ಬರೆದವನು ಮಾರಿಯೊ ಫಿಲಾರ್ಡಿ, 23ರ ಹುಡುಗ. ಬರಬರುತ್ತಾ ಬಣ್ಣ ಮಾಸಿತು. ಸಾಲದ್ದಕ್ಕೆ ಸರಿಯಾಗಿ ಮುಖ ಇದ್ದ ಜಾಗದಲ್ಲೇ ಯಾರೋ ಗೋಡೆ ಒಡೆದು ಕಿಟಕಿ ಇಡಿಸಿಬಿಟ್ಟರು! 2016ರಲ್ಲಿ ಕೇರಿಯವರು ದುಡ್ಡು ಹೊಂದಿಸಿ ಚಿತ್ರಕ್ಕೆ ಮತ್ತೆ ಬಣ್ಣ ಹಾಕಿಸಿದರು. ಮರುವರ್ಷ ಅರ್ಜೆಂಟೀನಾದ ಫ್ರಾನ್ಸಿಸ್ಕೊ ಬೊಸೊಲೆಟ್ಟಿ ಬಂದು ಮುಖ ಬರೆದರು. ಎಲ್ಲಿ ಅಂತೀರಿ? ಅದೇ ಕಿಟಕಿಯ ಬಾಗಿಲ ಮೇಲೆ. ಬಾಗಿಲು ತೆರೆದರೆ ಮರಡೋನಾನ ತಲೆ ಮಾಯ.

"ಪಾಪ, ಒಳಗಿರೋರಿಗೆ ಗಾಳಿ ಬೇಡ್ವಾ?" ಅಂದಳು ಹೆಂಡತಿ. ನನಗೆ ಹೊಳೆದೇ ಇರಲಿಲ್ಲ.

ಅದೇ ಬಯಲಿನ ಇನ್ನೊಂದು ಗೋಡೆಯಲ್ಲಿ ಬೊಸೊಲೆಟ್ಟಿಯವರದೇ ಮುಸುಕು ಹೊದ್ದ ಹೆಂಗಸಿನ ಚಿತ್ರವಿದೆ. ನನ್ನ ಕೇಳಿದರೆ ಕೈಚಳಕ ಅದರಲ್ಲೇ ಜಾಸ್ತಿ. ಅದಕ್ಕೆ ಬೆನ್ನು ಹಾಕಿಯೇ ಎಲ್ಲರೂ ಸೆಲ್ಫಿ ತೆಗೆಯುತ್ತಾರೆ, ಬಿಡಿ. ಮರಡೋನಾನ ಕೆಳಗೆ ಮೇಣದಬತ್ತಿ, ಸ್ಕಾರ್ಫು, ಫೋಟೊ, ಹೂವು. 2020ರಲ್ಲಿ ಆತ ಸತ್ತ ಮೇಲೆ ಇದು ಗುಡಿಯೇ ಆಗಿಹೋಗಿದೆ. ನಮ್ಮ ಆಟೊ ಸ್ಟ್ಯಾಂಡುಗಳಲ್ಲಿ ಅಪ್ಪು ಫೋಟೊಗೆ ಹಾರ ಹಾಕುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ.

ಜನ ಸರಿದು ಗೋಡೆಯೊಂದೇ ಸಿಗಲಿ ಅಂತ ಕ್ಯಾಮೆರಾ ಹಿಡಿದು ಮುಕ್ಕಾಲು ಗಂಟೆ ಕಾದೆ. ಆಗ ಹಾಸ್ಟೆಲಿನ ಫೋಟೊ ನೆನಪಾಗಿ ನಗು ಬಂತು. ಸ್ಟೀವ್ ಪವೆಲ್ ಅದನ್ನು ತೆಗೆದದ್ದು 1982ರ ವಿಶ್ವಕಪ್‌ನಲ್ಲಿ, ಬಾರ್ಸಿಲೋನಾದಲ್ಲಿ. ಆ ಆರು ಜನ ಹೆದರಿ ಸುತ್ತುವರಿದವರೇ ಅಲ್ಲ. ಫ್ರೀ ಕಿಕ್ ತಡೆಯಲು ಸಾಲಾಗಿ ನಿಂತಿದ್ದವರು. ಅರ್ಜೆಂಟೀನಾದವನೇ ಆದ ಆರ್ಡಿಲೆಸ್ ಚೆಂಡನ್ನು ಪಕ್ಕಕ್ಕೆ, ಮರಡೋನಾಗೆ ತಳ್ಳಿದಾಗ ಸಾಲು ಚದುರಿತು, ಪವೆಲ್ ಬಟನ್ ಒತ್ತಿದರು. ಪಂದ್ಯ ಗೆದ್ದದ್ದೂ ಬೆಲ್ಜಿಯಂ, 1-0. ಗೊತ್ತಾದ ದಿನ ಮೋಸ ಹೋದ ಹಾಗನಿಸಿತ್ತು. ಆದರೂ ಫೋಟೊ ಕಿತ್ತು ಹಾಕಲಿಲ್ಲ. ಈಗ ನಾನೂ ಮಾಡುತ್ತಿದ್ದದ್ದು ಅದನ್ನೇ ಅಲ್ವಾ, ಗಿಜಿಗುಡುವ ಜಾಗವನ್ನು ಖಾಲಿ ಅಂತ ತೋರಿಸುವುದು?

ಸುಮ್ನೆ ಒತ್ತಿದೆ. ಒಂದು ಸ್ಕೂಟರು, ಯಾರದೋ ಬೋಳುತಲೆ, ಐಸ್‌ಕ್ರೀಂ ನೆಕ್ಕುವ ಮಗು, ಎಲ್ಲ ಬಂದವು.

ಕತ್ತಲಾಗುವವರೆಗೂ ಕಿಟಕಿ ತೆರೆಯಲಿಲ್ಲ. ಹೊರಡುವಾಗ ತಿರುಗಿ ನೋಡಿದೆ. ಒಳಗೆ ಯಾರೋ ದೀಪ ಹಾಕಿದ್ದರು. ಬಾಗಿಲ ಸಂದಿಯಿಂದ ಬೆಳಕಿನ ಒಂದು ಗೆರೆ ಮರಡೋನಾನ ಮುಖದ ಮೇಲೆ ಹಾದಿತ್ತು.