ಅವರು ಪೆನ್ನು ಮುಟ್ಟಲೇ ಇಲ್ಲ

ಬರೆಯೋದಕ್ಕೆ, ಮಾತಾಡೋದಕ್ಕೆ ಸಹಾಯ ಮಾಡುವ ನಮ್ಮ ಯುನಿವರ್ಸಿಟಿಯ ಟ್ಯೂಟರಿಂಗ್ ಸೆಂಟರಿಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿದ್ದದ್ದು ಒಂದೂವರೆ ಪುಟ, ಕನ್ನಡದ ಮೊದಲ ಪತ್ರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಅಸೈನ್‌ಮೆಂಟ್. ಜುಲೈ ತಿಂಗಳು. ಮಂಗಳೂರಿನ ಮಳೆ ಗೊತ್ತಲ್ವಾ, ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಫೈಲಿನ ಒಂದು ಮೂಲೆ ಪೂರ್ತಿ ಒದ್ದೆ. ಪುಟಗಳನ್ನು ಮೇಜಿನ ಮೇಲಿಟ್ಟು "ಗ್ರಾಮರ್ ಒಂಚೂರು ಸರಿ ಮಾಡಿ ಕೊಡಿ ಮೇಡಂ" ಅಂದೆ. ಅವರು ಪುಟವನ್ನು ನನ್ನ ಕಡೆಗೇ ತಿರುಗಿಸಿ ತಳ್ಳಿದರು. "ನೀನೇ ಓದು. ಜೋರಾಗಿ."

ನನಗೆ ಬೇಜಾರಾಯಿತು. ನಾನು ಕಾರ್ಕಳದ ಕಡೆಯವಳು, ಮನೆಯಲ್ಲಿ ತುಳು, ಶಾಲೆಯಲ್ಲಿ ಹತ್ತರವರೆಗೆ ಕನ್ನಡ ಮೀಡಿಯಂ. ಎಂಎಗೆ ಬಂದ ಮೇಲೆ ಅಸೈನ್‌ಮೆಂಟೆಲ್ಲ ಇಂಗ್ಲಿಷ್. ಮೊದಲ ಸೆಮಿಸ್ಟರಿನಲ್ಲಿ ನಾನು ಬರೆದದ್ದು ಕೆಂಪು ಶಾಯಿ ತುಂಬಿಕೊಂಡು ವಾಪಸ್ ಬಂದಿತ್ತು, ಕೊನೆಯಲ್ಲಿ "ಭಾಷೆ ಸುಧಾರಿಸಿಕೊಳ್ಳಿ" ಅಂತ ಒಂದು ಸಾಲು. ಹೇಗೆ ಸುಧಾರಿಸಿಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ಈಗ ಇವರೂ ಓದು ಅಂತಾರಲ್ಲ ಅನ್ನಿಸಿತು.

ಓದಿದೆ. ಎರಡನೇ ವಾಕ್ಯ ಆರು ಸಾಲು ಉದ್ದ ಇತ್ತು, ಅರ್ಧಕ್ಕೆ ಬರುವಾಗ ನನ್ನ ಉಸಿರೇ ಮುಗಿಯಿತು. ನಿಲ್ಲಿಸಿದೆ. ಅವರು ಏನೂ ಹೇಳಲಿಲ್ಲ, ಸುಮ್ನೆ ನೋಡಿದರು. ನಾನೇ ಪೆನ್ನು ತೆಗೆದು ಅದನ್ನು ಎರಡಾಗಿ ಮುರಿದೆ. ಮುಂದೆ ಒಂದು ಕಡೆ "ವಾಸ್ ಸ್ಟಾರ್ಟೆಡ್ ಇನ್ 1843" ಅಂತ ಬರೆದಿದ್ದೆ. "ಯಾವುದು?" ಅಂದರು. ಪತ್ರಿಕೆ ಅಂದೆ. "ಹಾಗಾದರೆ ಪತ್ರಿಕೆ ಎಲ್ಲಿದೆ?" ನೋಡಿದರೆ ಇಡೀ ವಾಕ್ಯದಲ್ಲಿ ಪತ್ರಿಕೆಯೇ ಇಲ್ಲ!

ಇದು ಯಾಕಾಗುತ್ತೆ ಅಂತ ಅವತ್ತೇ ತಿಳಿಯಿತು. ಕನ್ನಡದಲ್ಲಿ "ಬಂದೆ" ಅಂದರೆ ಸಾಕು, ನಾನು ಅನ್ನೋದು ಆ ಕ್ರಿಯಾಪದದ ಬಾಲದಲ್ಲೇ ಇದೆ. ತುಳುವಿನಲ್ಲೂ "ಬತ್ತೆ" ಅಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ, ಅಲ್ಲಿ ಕರ್ತೃವನ್ನು ಬಾಯಿಬಿಟ್ಟು ಹೇಳಲೇಬೇಕು. ಹಾಗೇ ಈ "ಎ" ಮತ್ತು "ದ" ಗೊಂದಲ. ಹತ್ತು ವರ್ಷ ಇಂಗ್ಲಿಷ್ ಪಾಠ ಕೇಳಿದರೂ ನನಗೆ ತಲೆಗೆ ಹೋಗಿರಲಿಲ್ಲ. ಅವರು ಕೇಳಿದ್ದು ಇಷ್ಟೇ: "ಅಜ್ಜಿ ಕತೆ ಹೇಗೆ ಶುರುವಾಗುತ್ತೆ?" ಒಂದು ಊರಲ್ಲಿ ಒಬ್ಬ ರಾಜ ಇದ್ದ. "ಆಮೇಲೆ?" ಆ ರಾಜನಿಗೆ ಮೂವರು ಮಕ್ಕಳು. "ಮೊದಲನೆಯದು ಎ, ಎರಡನೆಯದು ದ. ಓದುವವನಿಗೆ ಹೊಸಬನಾದರೆ ಒಬ್ಬ, ಆಗಲೇ ಪರಿಚಯ ಆಗಿದ್ದರೆ ಆ." ಎಲ್ಲ ಕಡೆಗೂ ಇದು ಸಾಲುವುದಿಲ್ಲ, ಆದರೆ ನನ್ನ ತಪ್ಪುಗಳು ಅರ್ಧಕ್ಕರ್ಧ ಇಷ್ಟರಲ್ಲೇ ಕಡಿಮೆಯಾದವು.

ನಿಜ ಹೇಳಬೇಕೆಂದರೆ ಗ್ರಾಮರಿಗೆ ಅಂತಲೇ ಕೂತದ್ದು ಎರಡನೇ ಸಲ ಹೋದಾಗ. ಮೊದಲ ದಿನ ಜಾಸ್ತಿ ಹೊತ್ತು ಹೋಗಿದ್ದು ಬೇರೆ ಪ್ರಶ್ನೆಗೆ. ನನ್ನ ವಿಷಯ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ. ಗೊತ್ತಿದ್ದದ್ದನ್ನೆಲ್ಲ ತುಂಬಿಸಿದ್ದೆ. 1843ರ ಜುಲೈ 1ಕ್ಕೆ ಶುರು, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಸಂಪಾದಕರು, ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚು, ಹದಿನೈದು ದಿನಕ್ಕೊಂದು ಸಂಚಿಕೆ, ಮುಂದಿನ ವರ್ಷ ಬಳ್ಳಾರಿಗೆ ಹೋಯಿತು. ಅವರು ಪೂರ್ತಿ ಕೇಳಿ, "ಇದೆಲ್ಲ ಪುಸ್ತಕದಲ್ಲಿದೆ. ನೀನು ಹೇಳೋದೇನು?" ಅಂದರು. ಇಂಗ್ಲಿಷಿನಲ್ಲಿ ಮಾತು ಬರಲಿಲ್ಲ. "ತುಳುಟೇ ಪಣ್ಲ", ತುಳುವಿನಲ್ಲೇ ಹೇಳು ಅಂದರು. ಆಗ ಹೇಳಿದೆ, ಧರ್ಮ ಪ್ರಚಾರಕ್ಕೆ ಅಂತ ಬಂದ ಮನುಷ್ಯ ಊರಿನ ಸುದ್ದಿ, ಸರ್ಕಾರದ ಕಾನೂನು ಇದನ್ನೆಲ್ಲ ಯಾಕೆ ಅಚ್ಚು ಹಾಕಿದ, ಓದುವವರು ಯಾರು ಅಂತ ಅಂದುಕೊಂಡಿದ್ದ, ನನಗೆ ಅದೇ ತಲೆಯಲ್ಲಿ ಕೊರೀತಾ ಇದೆ ಅಂತ. "ಅದನ್ನೇ ಮೊದಲ ಸಾಲಲ್ಲಿ ಬರೆ." ನನ್ನ ಒಂದೂವರೆ ಪುಟದಲ್ಲಿ ಒಂದು ಪುಟ ಹಾಗೇ ಹೋಯಿತು. ಕಾಮಾ, ಸ್ಪೆಲ್ಲಿಂಗ್ ಅಂತ ಮೊದಲೇ ಕೂತಿದ್ದರೆ, ಹೊಡೆದು ಹಾಕುವ ಸಾಲುಗಳನ್ನೇ ತಿದ್ದುತ್ತಾ ಇರುತ್ತಿದ್ದೆವು.

ತಿದ್ದಿ ಕೊಡಲ್ಲ ಅಂತ ನನ್ನ ಕ್ಲಾಸಿನ ಕೆಲವರು ಒಂದೇ ಸಲ ಹೋಗಿ ಬಿಟ್ಟರು. ಅವರ ಕಷ್ಟ ನನಗೆ ಅರ್ಥವಾಗುತ್ತೆ, ನಾಳೆ ಸಬ್ಮಿಶನ್ ಇದ್ದರೆ ಯಾರಿಗೆ ಪುರುಸೊತ್ತು? ಆದರೆ ಇದು ಮೇಡಂ ಒಬ್ಬರ ಹಟ ಅಲ್ಲ. ಅಮೆರಿಕದ ಯುನಿವರ್ಸಿಟಿಗಳಲ್ಲಿ 1930ರ ದಶಕದಿಂದಲೂ ಇಂಥ ರೈಟಿಂಗ್ ಲ್ಯಾಬುಗಳಿವೆ, ಈಗಲೂ ಅಲ್ಲಿ ಸಾಮಾನ್ಯವಾಗಿ ಪೆನ್ನು ಇರುವುದು ಬರೆದವರ ಕೈಯಲ್ಲೇ. ಪರ್ಡ್ಯೂ ಯುನಿವರ್ಸಿಟಿಯವರದ್ದು 1994ರಿಂದ ಆನ್‌ಲೈನಿನಲ್ಲೂ ಇದೆ. ಔಲ್ (ಆನ್‌ಲೈನ್ ರೈಟಿಂಗ್ ಲ್ಯಾಬ್) ಅಂತ ಹೆಸರು, ದುಡ್ಡು ಕೊಡಬೇಕಾಗಿಲ್ಲ. ಉಲ್ಲೇಖ ಕೊಡುವ ಕ್ರಮ ನಾನು ಕಲಿತದ್ದು ಅಲ್ಲಿಂದಲೇ.

ಮಾತಿನ ವಿಷಯಕ್ಕೆ ಬರ್ತೇನೆ. ಸೆಮಿನಾರಿನಲ್ಲಿ ಮಾತಾಡೋಕೆ ಎಂಟು ನಿಮಿಷ ಇತ್ತು, ನಾನು ಇಡೀ ಭಾಷಣ ಬಾಯಿಪಾಠ ಮಾಡಿದ್ದೆ. ಸೆಂಟರಿನಲ್ಲಿ ಹೇಳಿ ನೋಡುವಾಗ ಒಂದು ಪದ ತಪ್ಪಿತು, ಅಷ್ಟೇ, ಮುಂದಿನದ್ದೆಲ್ಲ ಮಾಯ. ನಿಂತ ಜಾಗದಲ್ಲೇ ಅಳು ಬಂತು. ಮೇಡಂ ನೀರು ಕೊಟ್ಟು "ತಾಳಮದ್ದಳೆ ಕೇಳಿದ್ದೀಯಾ?" ಅಂದರು. ಕೇಳದೆ ಏನು, ಅಪ್ಪನ ಜೊತೆ ಎಷ್ಟು ರಾತ್ರಿ ಕೂತಿದ್ದೇನೆ. ಯಕ್ಷಗಾನದ ಪ್ರಸಂಗವನ್ನು ಕೂತಲ್ಲೇ ಮಾತಿನಲ್ಲಿ ನಡೆಸುವುದು ಅದು. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮುಂದೆ ಬರೆದಿಟ್ಟ ಮಾತು ಇರುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಕೂಡಲೇ ಇವರು ಆ ಪದ್ಯವನ್ನು ಹಿಡಿದು ಬಿಡಿಸುತ್ತಾ ಹೋಗುತ್ತಾರೆ, ಎದುರಿನವರು ಏನಾದರೂ ಕೇಳಿದರೆ ಅದಕ್ಕೂ ಅಲ್ಲೇ ಉತ್ತರ. "ನಿನಗೆ ಐದು ಪದ್ಯ ಸಾಕು" ಅಂದರು. ಐದು ಚೀಟಿ ಮಾಡಿದೆ, ಒಂದೊಂದರಲ್ಲಿ ಒಂದೇ ಸಾಲು. ಉಳಿದದ್ದು ನನ್ನ ಅರ್ಥ. ಮೇಡಂ ಹಿಂದಿನ ಗೋಡೆಗೆ ಒರಗಿ ನಿಂತು, ಕೇಳದಿದ್ದಾಗ ಕೈ ಎತ್ತುತ್ತಿದ್ದರು. ನಾನು ಪ್ರತಿ ವಾಕ್ಯದ ಕೊನೆಯನ್ನು ನುಂಗುತ್ತೇನೆ ಅಂತ ಹಾಗೇ ಗೊತ್ತಾಗಿದ್ದು.

ಸೆಮಿನಾರಿನಲ್ಲಿ ಮೂರನೇ ಚೀಟಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ಮುಂದುವರಿಸಿದೆ. ಪತ್ರಿಕೆ ಬಳ್ಳಾರಿಗೆ ಯಾಕೆ ಹೋಯಿತು ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಅಂದರೆ ಅವನವರೆಗೆ ಮಾತು ಮುಟ್ಟಿತ್ತು.

ನನ್ನದೊಂದು ಆಸೆ ಇದೆ. ಇಂಥ ಜಾಗ ಕನ್ನಡ ಬರವಣಿಗೆಗೂ ಬೇಕು. ಮಾತಾಡುವ ಕನ್ನಡ ಬಂದರೆ ಬರೆಯುವ ಕನ್ನಡವೂ ಬಂದ ಹಾಗೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ತಂಗಿ ಉಡುಪಿಯಲ್ಲಿ ಬಿಎ, ಐಚ್ಛಿಕ ಕನ್ನಡ. ಅವಳ ಪ್ರಬಂಧದಲ್ಲೂ ಉಸಿರು ಕಟ್ಟುವ ವಾಕ್ಯಗಳೇ. ಈಗ ಭಾನುವಾರ ರಾತ್ರಿ ಅವಳು ಫೋನಿನಲ್ಲಿ ಓದುತ್ತಾಳೆ, ನಾನು ಕೇಳ್ತೇನೆ. ಅವಳೇ ನಡುವೆ ನಿಂತು "ತಡಿ, ಇದು ಎಂತ ಅಂತ ನಂಗೇ ಗೊತ್ತಾಗ್ಲಿಲ್ಲ" ಅಂತಾಳೆ.

ನಿಮ್ಮ ಕಾಲೇಜಿನಲ್ಲಿ ಇಂಥ ಸೆಂಟರ್ ಇದ್ದರೆ ಕೊನೇ ದಿನ ಹೋಗಬೇಡಿ, ನಾಲ್ಕೈದು ದಿನ ಇರುವಾಗಲೇ ಹೋಗಿ. ಅಸೈನ್‌ಮೆಂಟಿನ ಪ್ರಶ್ನೆ ಇರುವ ಹಾಳೆಯನ್ನೂ ಹಿಡ್ಕೊಂಡು ಹೋಗಿ, ಮೊದಲು ಅದನ್ನೇ ಕೇಳ್ತಾರೆ. ಬರೆದದ್ದು ಪೂರ್ತಿ ಆಗಿರಬೇಕು ಅಂತೇನೂ ಇಲ್ಲ.