ಡಿಸೆಂಬರ್‌ನಲ್ಲಿ ಹುಟ್ಟಿದ ಮಕ್ಕಳು

ಬೆಳಿಗ್ಗೆಯಿಂದ ಒಂದೇ ವಿಷ್ಯ ತಲೇಲಿ ಕೂತಿದೆ. ಮಕ್ಕಳ ಫುಟ್ಬಾಲ್ ಸೆಲೆಕ್ಷನ್‌ಗೆ ವಯಸ್ಸು ಲೆಕ್ಕ ಹಾಕೋ ಕಟ್ಆಫ್ ದಿನ ಜನವರಿ 1 ಅಂದ್ರೆ, ಒಂದೇ ವರ್ಷದ ಜನವರೀಲಿ ಹುಟ್ಟಿದವ್ನೂ ಡಿಸೆಂಬರ್ ಕೊನೇಲಿ ಹುಟ್ಟಿದವ್ನೂ ಒಂದೇ ಅಂಡರ್-10 ಟೀಮಿಗೆ ಬರ್ತಾರೆ, ಆದ್ರೆ ಇಬ್ಬರ ನಡುವೆ ಹತ್ತತ್ರ ಒಂದು ವರ್ಷದ ವ್ಯತ್ಯಾಸ, ಆ ವಯಸ್ಸಲ್ಲಿ ಒಂದು ವರ್ಷ ಅಂದ್ರೆ ಸಣ್ಣ ಮಾತಾ! ದೊಡ್ಡೋನು ಜೋರಾಗಿ ಓಡ್ತಾನೆ, ತಳ್ಳಾಟದಲ್ಲಿ ಗೆಲ್ತಾನೆ, ಕೋಚ್ ಕಣ್ಣಿಗೆ ಅದೇ ಟ್ಯಾಲೆಂಟ್ ಥರ ಕಾಣುತ್ತೆ, ಆಮೇಲೆ ಒಳ್ಳೆ ಕೋಚಿಂಗು, ಜಾಸ್ತಿ ಮ್ಯಾಚು ಎಲ್ಲಾ ಅವನಿಗೇ. ಚಿಕ್ಕೋನು ಬೆಂಚಲ್ಲಿ ಕೂತೂ ಕೂತೂ ಎಷ್ಟೋ ಸಲ ಆಟಾನೇ ಬಿಟ್ಬಿಡ್ತಾನೆ.

ಬೆಲ್ಜಿಯಂನಲ್ಲಿ 1997ರಲ್ಲಿ ಕಟ್ಆಫ್‌ನ ಆಗಸ್ಟ್‌ನಿಂದ ಜನವರಿಗೆ ಬದಲಾಯ್ಸಿದ್ರು, ಅಷ್ಟೇ, ಅಲ್ಲೀವರೆಗೂ ಆಗಸ್ಟ್ ಸೆಪ್ಟೆಂಬರ್ ಮಕ್ಕಳು ಜಾಸ್ತಿ ಸೆಲೆಕ್ಟ್ ಆಗ್ತಿದ್ದ ಜಾಗಕ್ಕೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವ್ರು ಬಂದ್ರು. ಇದನ್ನ ಓದಿ ನಿಜವಾಗ್ಲೂ ಸಂಕಟ ಆಯ್ತು.

ಚಿಕ್ಕೋರಾಗಿದ್ದೂ ಉಳ್ಕೊಂಡವ್ರು ಬಾಲ್ ಕಂಟ್ರೋಲು ಚೆನ್ನಾಗಿ ಕಲ್ತಿರ್ತಾರೆ ಅಂತಾನೂ ಹೇಳ್ತಾರೆ, ಇರಬಹುದು, ಆದ್ರೆ ಅದಕ್ಕೆ ಮುಂಚೆನೇ ಬಿಟ್ಟು ಹೋದವ್ರ ಲೆಕ್ಕ ಯಾರು ಇಡ್ತಾರೆ? ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಮ್ಯಾಚ್ ಆಡಿಸಿದಾರೆ, ಬಯೋ-ಬ್ಯಾಂಡಿಂಗ್ ಅಂತಾರೆ ಅದನ್ನ, ನನಗೆ ತುಂಬಾ ಇಷ್ಟ ಆಯ್ತು. ಅಷ್ಟು ಆಗದಿದ್ರೂ ಟ್ರಯಲ್ಸ್ ದಿನ ಕೋಚ್ ಕೈಲಿರೋ ಲಿಸ್ಟಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳಾದ್ರೂ ಬರೆದಿರ್ಲಿ, ಅದಕ್ಕೆ ದುಡ್ಡೇನೂ ಬೇಕಾಗಿಲ್ಲ.